ಕಾರಿನೊಳಗೆ ಪೆಟ್ರೋಲ್ ವಾಸನೆಯೇ? ಮೂಗು ಹೇಳಿದ್ದನ್ನು ಕೇಳಿ!

ಬಾಗಿಲು ತೆಗೆದ ಕೂಡಲೇ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತಿದೆಯೇ? ಎಸಿ ಹಾಕಿದರೆ ತಲೆ ಸಿಡಿಯುತ್ತಿದೆಯೇ? ಸುಗಂಧದ ಡಬ್ಬಿ ತೂಗುಹಾಕಿ ಸುಮ್ಮನಾಗಬೇಡಿ. ವಾಸನೆ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡಲು ಅರ್ಧ ಕೆಲಸ ನೀವೇ ಮಾಡಬಹುದು. ಉಳಿದರ್ಧವನ್ನು ಮೆಕ್ಯಾನಿಕ್‌ನಿಂದ ಮಾಡಿಸುವುದು ಹೇಗೆ? ಇಲ್ಲಿದೆ ನೋಡಿ.

ಒಗ್ಗರಣೆ ಸೀದದ್ದು, ಹಾಲು ತಳ ಹಿಡಿದದ್ದು, ಫ್ರಿಜ್‌ನಲ್ಲಿಟ್ಟ ದೋಸೆ ಹಿಟ್ಟು ಹುಳಿ ಬಂದದ್ದು... ಮನೆಯಲ್ಲಿ ಇವೆಲ್ಲ ಮೊದಲು ಗೊತ್ತಾಗುವುದು ಯಾರಿಗೆ ಹೇಳಿ? ನಮಗೇ ತಾನೆ! ಗ್ಯಾಸ್ ವಾಸನೆ ಬಂತೆಂದರೆ ಸಾಕು, ಟೀವಿ ಮುಂದಿನಿಂದ ಎದ್ದು ಓಡುತ್ತೇವೆ. ಆದರೆ ಅದೇ ಮೂಗು ಕಾರಿನಲ್ಲಿ ಏನಾದರೂ ಹೇಳಿದರೆ?

"ರೀ, ಕಾರಲ್ಲಿ ಪೆಟ್ರೋಲ್ ವಾಸನೆ ಬರ್ತಿದೆ."

"ಪೆಟ್ರೋಲ್ ಕಾರಲ್ಲಿ ಪೆಟ್ರೋಲ್ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತೇನೆ? ಸುಮ್ನೆ ಕೂತ್ಕೋ."

ಅಲ್ಲಿಗೆ ಮಾತು ಮುಗಿಯಿತು! ಹಿಂದಿನ ಸೀಟಿನಲ್ಲಿ ಮಗು ವಾಂತಿ ಮಾಡಿಕೊಂಡರೂ "ತಿಂಡಿ ಜಾಸ್ತಿಯಾಯ್ತು" ಎಂಬ ಆರೋಪ ಬರುವುದು ನಮ್ಮ ಮೇಲೆಯೇ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸುಸ್ಥಿತಿಯಲ್ಲಿರುವ ಕಾರಿನೊಳಗೆ ಪೆಟ್ರೋಲ್ ವಾಸನೆ ಬರಬಾರದು. ಟ್ಯಾಂಕಿನ ಮುಚ್ಚಳದಿಂದ ಹಿಡಿದು ಎಂಜಿನ್‌ವರೆಗೆ ಪೆಟ್ರೋಲ್ ಹೋಗುವ ದಾರಿಯೆಲ್ಲ ಬಿಗಿಯಾಗಿ ಮುಚ್ಚಿರುತ್ತೆ. ಬಂಕ್‌ನಲ್ಲಿ ಪೆಟ್ರೋಲ್ ಹಾಕಿಸುವಾಗ ಎರಡು ನಿಮಿಷ ವಾಸನೆ ಬಂದರೆ ಅದು ಸಹಜ. ಅಲ್ಲಿಂದ ಹೊರಟು ಹತ್ತು ನಿಮಿಷವಾದರೂ ಹೋಗಲಿಲ್ಲವೆಂದರೆ, ಮರುದಿನ ಬೆಳಿಗ್ಗೆಯೂ ಇದೆಯೆಂದರೆ, ಎಲ್ಲೋ ಒಂದು ಕಡೆ ಬಾಯಿ ಬಿಟ್ಟಿದೆ ಎಂದೇ ಅರ್ಥ.

ಯಾಕಿಷ್ಟು ಭಯ?

ಪೆಟ್ರೋಲ್ ಎಂಥ ಚಳಿಯಲ್ಲೂ ಆವಿಯಾಗುವ ಪದಾರ್ಥ. ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತೆ. ಹಾಗಿದ್ದ ಮೇಲೆ ನಮ್ಮ ಕೋಲಾರದ ಏಪ್ರಿಲ್ ಬಿಸಿಲಿನಲ್ಲಿ ಕೇಳಬೇಕೇ? ಗಾಳಿಯಲ್ಲಿ ನೂರಕ್ಕೆ ಒಂದೂವರೆ ಭಾಗದಷ್ಟು ಪೆಟ್ರೋಲ್ ಆವಿ ಬೆರೆತರೆ ಸಾಕು, ಬೆಂಕಿಗೆ ಅದು ಸಿದ್ಧ. ಇನ್ನೊಂದು ವಿಷಯ ಗೊತ್ತೇ? ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹಾರಿಹೋಗದೆ ನೀರಿನ ಹಾಗೆ ನೆಲದ ಮೇಲೇ ಹರಿಯುತ್ತೆ, ತಗ್ಗಿನಲ್ಲಿ ನಿಲ್ಲುತ್ತೆ. ಕಾಂಪೌಂಡ್ ಒಳಗೇ ಕಾರು ನಿಲ್ಲಿಸುವವರು ಸುತ್ತಮುತ್ತ ಒಮ್ಮೆ ಕಣ್ಣಾಡಿಸಿ. ಸಂಪಿನ ಮೋಟಾರ್, ಇನ್ವರ್ಟರ್, ಬಚ್ಚಲ ಹಂಡೆಯ ಒಲೆ ಎಲ್ಲ ಹತ್ತಿರದಲ್ಲೇ ಇರುತ್ತೆ ಅಲ್ವಾ?

ಬೆಂಕಿ ಹೊತ್ತಿಕೊಳ್ಳದಿದ್ದರೂ ಆರೋಗ್ಯದ ಪ್ರಶ್ನೆ ಇದ್ದೇ ಇದೆ. ಪೆಟ್ರೋಲ್‌ನಲ್ಲಿ ಬೆಂಜೀನ್ ಇರುತ್ತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಯಲ್ಲೇ ಇಟ್ಟಿದೆ. ಒಂದು ದಿನ ವಾಸನೆ ಕುಡಿದ ಮಾತ್ರಕ್ಕೆ ಏನೋ ಆಗಿಹೋಗುತ್ತೆ ಎಂದಲ್ಲ. ಆದರೆ ಕಿಟಕಿ ಮುಚ್ಚಿದ ಪುಟ್ಟ ಡಬ್ಬಿಯೊಳಗೆ ದಿನಾ ಕುಳಿತು ಅದನ್ನೇ ಉಸಿರಾಡುವುದು ಯಾರಿಗೂ ಒಳ್ಳೆಯದಲ್ಲ. ಬಸುರಿಯರು, ಪುಟ್ಟ ಮಕ್ಕಳು, ಆಸ್ತಮಾ ಇರುವ ಹಿರಿಯರಿಗಂತೂ ಬೇಡವೇ ಬೇಡ. ತಲೆನೋವು, ಹೊಟ್ಟೆ ತೊಳೆಸುವುದು, ಕಣ್ಣುರಿ, ಮಂಪರು ಇದರ ಮೊದಲ ಲಕ್ಷಣಗಳು.

ಎಲ್ಲಕ್ಕಿಂತ ಅಪಾಯ ಏನೆಂದರೆ, ಮೂಗು ಒಗ್ಗಿಕೊಂಡುಬಿಡುತ್ತೆ! ಊದುಬತ್ತಿ ಅಂಗಡಿಯವರಿಗೆ ಊದುಬತ್ತಿಯ ವಾಸನೆ ತಿಳಿಯದಂತೆ, ದಿನಾ ಓಡಿಸುವವರಿಗೆ ಕೆಲವೇ ನಿಮಿಷಗಳಲ್ಲಿ ವಾಸನೆ ಬರುವುದೇ ನಿಂತುಹೋಗುತ್ತೆ. ಮನೆಯವರು "ನಂಗೇನೂ ಬರ್ತಿಲ್ಲ" ಎಂದರೆ ಅವರು ಸುಳ್ಳು ಹೇಳುತ್ತಿಲ್ಲ, ಅವರ ಮೂಗು ದಣಿದಿದೆ ಅಷ್ಟೆ. ಪಕ್ಕದ ಮನೆಯವರನ್ನು ಕರೆದು ಒಮ್ಮೆ ಬಾಗಿಲು ತೆಗೆದು ಮೂಸಿ ನೋಡಲು ಹೇಳಿ. ಹೊಸ ಮೂಗಿನ ಸಾಕ್ಷಿ ಮನೆಯಲ್ಲಿ ನಡೆಯುವ ವಾದವನ್ನು ಒಂದೇ ನಿಮಿಷದಲ್ಲಿ ಮುಗಿಸುತ್ತೆ.

ವಾರವೆಲ್ಲ ನಿಂತೇ ಇರುವ ಕಾರು

ಬೇರೆ ಊರಿನವರಿಗೆ ನಂದಿದುರ್ಗ ಎಂದರೆ ಬೆಟ್ಟ. ಕೆಜಿಎಫ್‌ನವರಿಗೆ ನಂದಿದುರ್ಗ ಎಂದರೆ ಗಣಿ! ಚಾಂಪಿಯನ್ ರೀಫ್, ಮೈಸೂರು ಮೈನ್, ಉರಿಗಾಂ, ನಂದಿದುರ್ಗ... ಈ ಹೆಸರುಗಳ ನಡುವೆಯೇ ಬೆಳೆದವರು ನಾವು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಲ್ಲಿಂದೀಚೆಗೆ ಮಾರಿಕುಪ್ಪಂ, ಬಂಗಾರಪೇಟೆಯಿಂದ ಹೊರಡುವ ಬೆಳಗಿನ ರೈಲುಗಳೇ ಸಾವಿರಾರು ಮನೆಗಳ ಅನ್ನದ ದಾರಿ. ಯಜಮಾನರು ಬೆಳಕು ಹರಿಯುವ ಮೊದಲೇ ರೈಲು ಹತ್ತುತ್ತಾರೆ. ಕಾರು? ಮನೆ ಮುಂದೆ ಬಿಸಿಲಿನಲ್ಲಿ ಕವರ್ ಹೊದ್ದು ಮಲಗಿರುತ್ತೆ. ಭಾನುವಾರ ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೋ, ಮುಳಬಾಗಿಲಿನ ಆಂಜನೇಯನ ಗುಡಿಗೋ ಹೊರಟಾಗಲೇ ಅದಕ್ಕೆ ಎಚ್ಚರ.

ಹೀಗೆ ನಿಂತ ಕಾರಿಗೇ ವಾಸನೆಯ ಕಾಟ ಜಾಸ್ತಿ. ಕಾರಣ ಕೇಳಿ. ಟ್ಯಾಂಕಿನೊಳಗೆ ಏಳುವ ಆವಿ ಹೊರಗೆ ಹೋಗದಂತೆ ಹಿಡಿದಿಡಲು ಈಗಿನ ಎಲ್ಲ ಪೆಟ್ರೋಲ್ ಕಾರುಗಳಲ್ಲಿ ಇದ್ದಿಲು ತುಂಬಿದ ಒಂದು ಡಬ್ಬಿ ಇರುತ್ತೆ. ಮೆಕ್ಯಾನಿಕ್‌ಗಳು ಅದಕ್ಕೆ ಕ್ಯಾನಿಸ್ಟರ್ ಎನ್ನುತ್ತಾರೆ. ಫ್ರಿಜ್‌ನ ವಾಸನೆ ಹೀರಲಿ ಎಂದು ನಾವು ಇದ್ದಿಲ ತುಂಡು ಇಡುತ್ತೇವಲ್ಲ, ಅದೇ ಸೂತ್ರ. ಕಾರು ಓಡುವಾಗ ಎಂಜಿನ್ ಆ ಆವಿಯನ್ನು ಎಳೆದುಕೊಂಡು ಉರಿಸಿಬಿಡುತ್ತೆ, ಇದ್ದಿಲು ಮತ್ತೆ ಖಾಲಿಯಾಗುತ್ತೆ. ಕಾರು ಓಡದಿದ್ದರೆ? ದಿನಾ ಬಿಸಿಲಿಗೆ ಏಳುವ ಆವಿ ಸೇರುತ್ತಾ ಸೇರುತ್ತಾ ಡಬ್ಬಿ ತುಂಬಿ, ಹೆಚ್ಚಾದದ್ದು ಹೊರಗೆ ಬರುತ್ತೆ. ಆದ್ದರಿಂದ ವಾರದಲ್ಲಿ ಒಂದೆರಡು ಸಲವಾದರೂ ಇಪ್ಪತ್ತು ಮೂವತ್ತು ನಿಮಿಷ ಕಾರನ್ನು ಓಡಿಸಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಬಿಡುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಶಟರ್ ಎಳೆದ ಗ್ಯಾರೇಜಿನಲ್ಲಂತೂ ಹಾಗೆ ಮಾಡಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಅದು ಜೀವವನ್ನೇ ತೆಗೆಯುತ್ತೆ.

ವಾಸನೆ ಯಾವಾಗ ಬರುತ್ತೆ?

ವೈದ್ಯರ ಬಳಿ ಹೋದಾಗ "ಜ್ವರ ಯಾವ ಹೊತ್ತಿಗೆ ಬರುತ್ತೆ?" ಎಂದು ಕೇಳುತ್ತಾರಲ್ಲ, ಇದೂ ಹಾಗೇ. ಒಂದು ವಾರ ಗಮನಿಸಿ, ಕ್ಯಾಲೆಂಡರ್ ಹಿಂದೆ ಬರೆದಿಡಿ.

* ಟ್ಯಾಂಕ್ ತುಂಬಿಸಿದ ಮೇಲೆ ಮಾತ್ರ: ಮೊದಲು ಟ್ಯಾಂಕಿನ ಮುಚ್ಚಳ ನೋಡಿ. ಟಕ್ ಟಕ್ ಎಂದು ಸದ್ದು ಬರುವವರೆಗೆ ತಿರುಗಿಸಿದ್ದಾರೆಯೇ? ಮುಚ್ಚಳದ ಒಳಗಿನ ರಬ್ಬರ್ ಉಂಗುರ ಬಿರುಕು ಬಿಟ್ಟಿದೆಯೇ? ಕುಕ್ಕರ್ ಗ್ಯಾಸ್ಕೆಟ್ ಸಡಿಲವಾದರೆ ಸೀಟಿ ಬರುವುದಿಲ್ಲ, ಸುತ್ತಲೂ ಹಬೆ ಸೋರುತ್ತೆ. ಇಲ್ಲಿ ಸೋರುವುದು ಪೆಟ್ರೋಲ್ ಆವಿ, ಅಷ್ಟೇ ವ್ಯತ್ಯಾಸ. ಹೊಸ ಮುಚ್ಚಳವನ್ನು ನಿಮ್ಮ ಕಾರಿನ ಮಾಡೆಲ್ ಹೇಳಿಯೇ ತರಿಸಿ. ಎಲ್ಲ ರಿಪೇರಿಗಳಲ್ಲಿ ಇದೇ ಅಗ್ಗ.

* ಟ್ಯಾಂಕ್ ತುಂಬಿದ್ದಾಗ ಹಿಂದಿನ ಸೀಟಿನ ಹತ್ತಿರ, ತಿರುವಿನಲ್ಲಿ ಇನ್ನೂ ಜಾಸ್ತಿ: ಅನೇಕ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಹಿಂದಿನ ಸೀಟಿನ ಕೆಳಗೇ ಇರುತ್ತೆ. ಅದರ ನೆತ್ತಿಯ ಮೇಲೆ ಪೆಟ್ರೋಲ್ ಪಂಪ್ ಕೂರಿಸಿ, ರಬ್ಬರ್ ಸೀಲ್ ಹಾಕಿ ಮುಚ್ಚಿರುತ್ತಾರೆ. ಸೀಲ್ ಹಳತಾಗಿದ್ದರೆ, ಪಂಪ್ ಬದಲಿಸುವಾಗ ಅದನ್ನು ಓರೆಯಾಗಿ ಕೂರಿಸಿದ್ದರೆ ಆವಿ ನೇರ ಮಕ್ಕಳ ಕಾಲಬುಡಕ್ಕೆ ಬರುತ್ತೆ. ಟ್ಯಾಂಕ್ ಅರ್ಧಕ್ಕಿಳಿದ ಮೇಲೆ ವಾಸನೆ ಕಡಿಮೆಯಾಯಿತೇ? ಹಾಗಾದರೆ ಅನುಮಾನ ಇಲ್ಲಿಯೇ. ಟ್ಯಾಂಕಿನ ಬಾಯಿಯಿಂದ ಒಳಗೆ ಹೋಗುವ ದಪ್ಪ ರಬ್ಬರ್ ಪೈಪು, ಅದರ ಕ್ಲಿಪ್ ಕೂಡ ಇದೇ ಲಕ್ಷಣ ತೋರಿಸುತ್ತವೆ.

* ಎಸಿ ಅಥವಾ ಬ್ಲೋವರ್ ಹಾಕಿದಾಗ: ಮುಂದಿನ ಗಾಜಿನ ಬುಡದಲ್ಲಿ ಹೊರಗಿನ ಗಾಳಿ ಒಳಗೆ ಬರುವ ಜಾಲರಿ ಇದೆ. ಬಾನೆಟ್ ಕೆಳಗೆ ಎಲ್ಲಾದರೂ ಪೆಟ್ರೋಲ್ ಜಿನುಗುತ್ತಿದ್ದರೆ ಅದರ ಆವಿ ಈ ದಾರಿಯಲ್ಲೇ ಒಳಗೆ ಬರುತ್ತೆ. ಎಸಿಯಲ್ಲಿ ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಿ. ಐದು ನಿಮಿಷದಲ್ಲಿ ವಾಸನೆ ಇಳಿದರೆ ಮೂಲ ಮುಂದೆ, ಎಂಜಿನ್ ಬಳಿ ಇರುವ ಸಂಭವ ಹೆಚ್ಚು. ಇಳಿಯದಿದ್ದರೆ ಹಿಂದೆ, ಟ್ಯಾಂಕ್ ಕಡೆ ಅಥವಾ ಕಾರಿನೊಳಗೇ ಹುಡುಕಿಸಿ. ಈ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ! ಆದರೆ ವಾಸನೆ ತೆಳುವಾಗಿದ್ದಾಗ ಮಾತ್ರ ಮಾಡಿ. ಗಾಢವಾಗಿದ್ದರೆ ಕಾರನ್ನು ಸ್ಟಾರ್ಟ್ ಮಾಡುವುದೇ ಬೇಡ.

* ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ, ಆಮೇಲೆ ಮಾಯ: ಪೆಟ್ರೋಲ್ ಪೈಪಿನ ಜೋಡಣೆಗಳು, ಇಂಜೆಕ್ಟರ್‌ನ ರಬ್ಬರ್ ಉಂಗುರಗಳು ತಣ್ಣಗಿದ್ದಾಗ ಕುಗ್ಗಿ ಜಿನುಗುತ್ತವೆ, ಬಿಸಿಯಾದಾಗ ಹಿಗ್ಗಿ ಬಿಗಿಯಾಗುತ್ತವೆ. ಮಾಯವಾಯಿತೆಂದು ಸಮಾಧಾನಪಡಬೇಡಿ. ಇಂಜೆಕ್ಷನ್ ಕಾರಿನ ಪೈಪಿನಲ್ಲಿ ಪೆಟ್ರೋಲ್ ಹರಿಯುವುದು ಸುಮಾರು 3 ಬಾರ್ ಒತ್ತಡದಲ್ಲಿ, ಅಂದರೆ ನಮ್ಮ ಕುಕ್ಕರ್‌ನೊಳಗಿನ ಒತ್ತಡದ ಮೂರು ಪಟ್ಟು. ಇಂದಿನ ಜಿನುಗು ನಾಳೆ ಪಿಚಕಾರಿ ಆಗಬಹುದು.

* ಓಡಿಸಿ ಬಂದು ನಿಲ್ಲಿಸಿದ ಹತ್ತು ನಿಮಿಷದ ನಂತರ: ಬಿಸಿ ಎಂಜಿನ್ ಮೇಲೆ ಜಿನುಗಿದ್ದು ಆವಿಯಾಗುತ್ತಿದೆ. 2000ದ ಆಸುಪಾಸಿನವರೆಗೆ ಬಂದ ಕಾರ್ಬುರೇಟರ್ ಕಾರುಗಳಲ್ಲಿ, ಹಳೆಯ ಮಾರುತಿ 800, ಓಮ್ನಿಗಳಲ್ಲಿ ಇದು ಮಾಮೂಲಿ ದೂರು. ಕಾರ್ಬುರೇಟರ್‌ನೊಳಗೆ ಪೆಟ್ರೋಲ್ ಎಷ್ಟು ಬೇಕೋ ಅಷ್ಟಕ್ಕೆ ತಡೆಯುವ ಪುಟ್ಟ ಸೂಜಿ ಸವೆದಿದ್ದರೆ ಪೆಟ್ರೋಲ್ ತುಂಬಿ ಚೆಲ್ಲುತ್ತೆ. ಓಮ್ನಿಯಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಆದ್ದರಿಂದ ಅದರಲ್ಲಿ ಇನ್ನೂ ಎಚ್ಚರ ಬೇಕು.

* ಕಾರು ಜಗ್ಗುತ್ತೆ, ಮೈಲೇಜ್ ಇಳಿದಿದೆ, ಸೈಲೆನ್ಸರ್ ಕಡೆಯಿಂದ ಹಸಿ ಪೆಟ್ರೋಲ್ ವಾಸನೆ: ಇದು ಸೋರಿಕೆ ಅಲ್ಲ, ಅರೆಬರೆ ಉರಿಯುವಿಕೆ. ಸ್ಪಾರ್ಕ್ ಪ್ಲಗ್, ಸೆನ್ಸರ್ ನೋಡಿಸಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಿದ್ದರೆ ಅದೇ ಸುಳಿವು. ಎಮಿಷನ್ ಟೆಸ್ಟ್ ಮಾಡಿಸಿದ ಚೀಟಿಯನ್ನೂ ಮೆಕ್ಯಾನಿಕ್‌ಗೆ ತೋರಿಸಿ, ಕಾರ್ಬನ್ ಮಾನಾಕ್ಸೈಡ್ ಅಂಕಿ ಹೆಚ್ಚಿದ್ದರೆ ರೋಗ ಬೇಗ ಗೊತ್ತಾಗುತ್ತೆ. ಡಿಕ್ಕಿಯ ರಬ್ಬರ್ ಅಂಚು ಹರಿದಿದ್ದರೆ ಹೊಗೆ ಒಳಗೆ ಬರುತ್ತೆ. ಸಾಮಾನು ಉದ್ದವಿದೆಯೆಂದು ಡಿಕ್ಕಿ ತೆರೆದೇ ಓಡಿಸುವುದೂ ಬೇಡ.

ರಾತ್ರಿ ಕಾರಿನ ಕೆಳಗೆ ಹಳೆಯ ರಟ್ಟೋ ಪೇಪರೋ ಹಾಸಿಡಿ. ಬೆಳಿಗ್ಗೆ ನೋಡಿ. ವಾಸನೆಯಿಲ್ಲದ ನೀರಿದ್ದರೆ ಅದು ಎಸಿಯದು, ಚಿಂತೆಯಿಲ್ಲ. ಕಪ್ಪು ಜಿಡ್ಡು ಎಂಜಿನ್ ಆಯಿಲ್. ಹಸಿರು ಅಥವಾ ಗುಲಾಬಿ ಬಣ್ಣದ್ದು ಕೂಲೆಂಟ್. ಪೆಟ್ರೋಲ್ ಬೇಗ ಆರಿಹೋಗುವುದರಿಂದ ಬರೀ ಉಂಗುರದಂಥ ಕಲೆ ಉಳಿದಿರಬಹುದು. ಕಲೆ ಮುಂದಿನ ಚಕ್ರದ ಬಳಿಯೋ ಹಿಂದೆಯೋ ಎಂದು ಗುರುತು ಹಾಕಿಡಿ.

ಗಣಪತಿಯ ವಾಹನ, ನಮ್ಮ ವಾಹನದೊಳಗೆ!

ನಗಬೇಡಿ. ನಿಂತ ಕಾರಿಗೆ ಇಲಿ ದೊಡ್ಡ ಶತ್ರು. ಬೆಚ್ಚಗಿನ ಬಾನೆಟ್ ಅದಕ್ಕೆ ಬಾಣಂತಿ ಕೋಣೆ ಇದ್ದ ಹಾಗೆ. ಹಲ್ಲು ಮಸೆಯಲು ರಬ್ಬರ್ ಪೈಪು, ವೈರು ಸಿಕ್ಕರೆ ಬಿಡುತ್ತದೆಯೇ? ಪೆಟ್ರೋಲ್ ಪೈಪಿನ ಪಕ್ಕದಲ್ಲೇ ಸಿಪ್ಪೆ ಸುಲಿದ ವೈರೂ ಇದ್ದರೆ ಪೆಟ್ರೋಲೂ ಕಿಡಿಯೂ ಒಂದೇ ಕಡೆ ಸೇರಿದಂತೆ. ವಾಸನೆ ದಿಢೀರನೆ, ನಿನ್ನೆ ಇಲ್ಲದ್ದು ಇಂದು ಬಂದಿದ್ದರೆ ಮೊದಲು ಬಾನೆಟ್ ಎತ್ತಿ ಇಲಿ ಹಿಕ್ಕೆ, ಹುಲ್ಲು, ಬಟ್ಟೆ ಚೂರು ಇದೆಯೇ ನೋಡಿ. ಕಾರಿನಲ್ಲಿ ಬಿಸ್ಕತ್ ಚೂರು, ಕಡಲೆಪುರಿ, ಪ್ರಸಾದದ ತೆಂಗಿನಕಾಯಿ ಬಿಡಬೇಡಿ. ಅಕ್ಕಿ ಮೂಟೆ, ಕೋಳಿ ಗೂಡು, ಕಸದ ಬುಟ್ಟಿಯ ಪಕ್ಕ ನಿಲ್ಲಿಸಬೇಡಿ. ಬಾನೆಟ್ ಕೆಳಗೆ ಹೊಗೆಸೊಪ್ಪಿನ ಗಂಟು ಕಟ್ಟುವ ಪದ್ಧತಿ ಅನೇಕರಲ್ಲಿದೆ. ಕಟ್ಟುವುದಾದರೆ ಬಿಸಿ ಭಾಗಕ್ಕೆ ತಾಗದಂತೆ ಮೆಕ್ಯಾನಿಕ್‌ನಿಂದಲೇ ಕಟ್ಟಿಸಿ.

"ರೌಂಡ್ ಫಿಗರ್ ಮಾಡಪ್ಪಾ"

ಬಂಕ್‌ನಲ್ಲಿ ಪೈಪ್ ಟಕ್ ಎಂದು ತಾನಾಗಿ ನಿಂತಿತೆಂದರೆ ಟ್ಯಾಂಕ್ ತುಂಬಿತು ಎಂದರ್ಥ. ಆದರೂ ನಾವು ಬಿಡುತ್ತೇವೆಯೇ? ಚಿಲ್ಲರೆ ರಗಳೆ ಬೇಡವೆಂದು ಇನ್ನೂ ನಾಲ್ಕು ಸಲ ಒತ್ತಿಸಿ ರೌಂಡ್ ಫಿಗರ್ ಮಾಡಿಸುತ್ತೇವೆ. ಪೆಟ್ರೋಲ್ ಬಿಸಿಗೆ ಹಿಗ್ಗುತ್ತೆ. 35 ಲೀಟರ್ ಟ್ಯಾಂಕ್ ಬೆಳಗಿನ ತಂಪಿನಿಂದ ಮಧ್ಯಾಹ್ನದ ಬಿಸಿಗೆ 15 ಡಿಗ್ರಿ ಏರಿದರೆ ಸುಮಾರು ಅರ್ಧ ಲೀಟರ್ ಹೆಚ್ಚಾಗುತ್ತೆ! ಆ ಅರ್ಧ ಲೀಟರ್‌ಗೆ ಜಾಗ ಬೇಡವೇ? ಜಾಗವಿಲ್ಲದಿದ್ದರೆ ಹಸಿ ಪೆಟ್ರೋಲ್ ಇದ್ದಿಲ ಡಬ್ಬಿಗೇ ನುಗ್ಗಿ ಅದನ್ನು ಹಾಳುಮಾಡುತ್ತೆ. ಆಮೇಲೆ ಡಬ್ಬಿ ಬದಲಿಸುವ ಖರ್ಚು ನಮ್ಮದೇ.

ಇದು ಕಂಪನಿಗಳೂ ಅನುಭವಿಸಿದ ಸಮಸ್ಯೆ. 2010ರಲ್ಲಿ ಮಾರುತಿ ಸುಜುಕಿ ಸುಮಾರು ಒಂದು ಲಕ್ಷ ಎ-ಸ್ಟಾರ್ ಕಾರುಗಳನ್ನು ವಾಪಸ್ ಕರೆಸಿ ಪೆಟ್ರೋಲ್ ಪಂಪಿನ ಗ್ಯಾಸ್ಕೆಟ್ ಬದಲಿಸಿಕೊಟ್ಟಿತು. 2014ರ ಏಪ್ರಿಲ್‌ನಲ್ಲಿ ಎರ್ಟಿಗಾ, ಸ್ವಿಫ್ಟ್, ಡಿಜೈರ್ ಸೇರಿ 1,03,311 ಕಾರುಗಳ ಪೆಟ್ರೋಲ್ ತುಂಬುವ ಕೊಳವೆಯನ್ನು ಬದಲಿಸಲು ಮುಂದಾಯಿತು. ತಾನಾಗಿ ನಿಂತ ಮೇಲೂ ತುಂಬಿಸಿದರೆ ಸೋರಬಹುದು, ವಾಸನೆ ಬರಬಹುದು ಎಂಬುದೇ ಆಗ ಕೊಟ್ಟ ಕಾರಣ. 2019ರ ಆಗಸ್ಟ್‌ನಲ್ಲಿ 40,618 ವ್ಯಾಗನ್ ಆರ್ ಕಾರುಗಳ ಪೆಟ್ರೋಲ್ ಪೈಪು ಲೋಹದ ಕ್ಲಿಪ್‌ಗೆ ಉಜ್ಜುತ್ತಿದೆಯೇ ಎಂದು ಪರೀಕ್ಷಿಸಲು ಕರೆಸಿಕೊಂಡಿತು. ಇಂಥ ಕರೆಗಳಲ್ಲಿ ರಿಪೇರಿ ಉಚಿತ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಈ ಪತ್ರ ಬಂದಿರುವುದೇ ಇಲ್ಲ! ನಿಮ್ಮ ಕಾರಿನ ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಕೊಟ್ಟು, "ಈ ಕಾರಿಗೆ ಯಾವುದಾದರೂ ರೀಕಾಲ್ ಬಾಕಿ ಇದೆಯಾ?" ಎಂದು ಕೇಳಿ.

ಹಳೆ ಕಾರು, ಹೊಸ ಪೆಟ್ರೋಲ್

20% ಎಥನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ ಪ್ರಧಾನಿ ನರೇಂದ್ರ ಮೋದಿ ಚಾಲನೆ ಕೊಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. 2025ರ ಹೊತ್ತಿಗೆ ದೇಶದ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದೇ ಇದು ಎಂಬಂತಾಯಿತು. ಹಳೆಯ ಕಾರುಗಳ ರಬ್ಬರ್ ಪೈಪು, ಸೀಲುಗಳನ್ನು ಇಷ್ಟು ಎಥನಾಲ್‌ಗೆಂದು ಮಾಡಿರಲಿಲ್ಲ. ಕೆಲವು ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಸಚಿವಾಲಯವೂ 2025ರಲ್ಲಿ ಹೇಳಿದೆ. ನಿಮ್ಮ ಕೆಎ 08 ಕಾರಿಗೆ ಹತ್ತು ಹದಿನೈದು ವರ್ಷವಾಗಿದ್ದರೆ ವಾಸನೆ ಬರುವವರೆಗೆ ಕಾಯಬೇಡಿ. ಪೈಪುಗಳನ್ನು ಒತ್ತಿ ನೋಡಿಸಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ, ಮೆತ್ತಗೆ ಉಬ್ಬಿದ್ದರೂ ಬದಲಿಸಲೇಬೇಕು.

ಗ್ಯಾಸ್ ಕಾರಾದರೆ...

ಎಲ್‌ಪಿಜಿಗೆ ಸ್ವಂತ ವಾಸನೆಯೇ ಇಲ್ಲ ಗೊತ್ತೇ? ಸೋರಿದರೆ ತಿಳಿಯಲಿ ಎಂದೇ ಈಥೈಲ್ ಮರ್ಕಾಪ್ಟನ್ ಎಂಬ ಕೆಟ್ಟ ವಾಸನೆಯ ವಸ್ತುವನ್ನು ಬೆರೆಸುತ್ತಾರೆ. ಗಣಿ ಊರಿನ ನಮಗೆ ಕುತೂಹಲದ ಮಾತೊಂದಿದೆ. ಅಮೆರಿಕ, ಕೆನಡಾದ ಆಳದ ಗಣಿಗಳಲ್ಲಿ ಬೆಂಕಿ ಬಿದ್ದರೆ ಗಾಳಿ ಪೈಪುಗಳಲ್ಲಿ ಇದೇ ವಾಸನೆಯನ್ನು ಬಿಡುತ್ತಾರೆ. ಗಂಟೆ ಕೇಳದ, ದೀಪ ಕಾಣದ ಮೂಲೆಯಲ್ಲಿರುವ ಕಾರ್ಮಿಕನಿಗೂ ಅದು "ಓಡು" ಎಂಬ ಸೂಚನೆ! ಮೂಗಿನ ಎಚ್ಚರಿಕೆಗೆ ಅಷ್ಟು ಬೆಲೆ.

ಎಲ್‌ಪಿಜಿ ಗಾಳಿಗಿಂತ ಭಾರ, ಕೆಳಗೆ ನಿಲ್ಲುತ್ತೆ. ವಾಸನೆ ಬಂದರೆ ಬಾಗಿಲು, ಡಿಕ್ಕಿ ಎರಡನ್ನೂ ತೆರೆದು ದೂರ ಸರಿಯಿರಿ. ಸಿಎನ್‌ಜಿ ಹಗುರ, ಮೇಲಕ್ಕೇರುತ್ತೆ. ಸಿಎನ್‌ಜಿ ಸಿಲಿಂಡರನ್ನು 3 ವರ್ಷಕ್ಕೊಮ್ಮೆ ನೀರಿನ ಒತ್ತಡದಿಂದ ಪರೀಕ್ಷಿಸಬೇಕೆಂಬ ನಿಯಮವಿದೆ, ಅದರ ದಿನಾಂಕ ನೋಡಿಕೊಳ್ಳಿ. ಅಡುಗೆ ಸಿಲಿಂಡರ್‌ನಿಂದ ಕಾರಿಗೆ ಗ್ಯಾಸ್ ತುಂಬಿಸುವುದು ಅಪರಾಧವೂ ಹೌದು, ಅಪಾಯವೂ ಹೌದು. ಸಿಲಿಂಡರನ್ನು ಡಿಕ್ಕಿಯಲ್ಲಿ ಮಲಗಿಸಿ ತರುವ ಅಭ್ಯಾಸವಿದ್ದರೆ ಇವತ್ತೇ ಬಿಟ್ಟುಬಿಡಿ.

ಡೀಸೆಲ್ ಕಾರಿನವರಿಗೆ ಒಂದು ಮಾತು: ಡೀಸೆಲ್ ಪೆಟ್ರೋಲ್‌ನಷ್ಟು ಬೇಗ ಹೊತ್ತಿಕೊಳ್ಳದು. ಆದರೆ ಈಗಿನ ಡೀಸೆಲ್ ಎಂಜಿನ್‌ಗಳ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ. ಸೋರುವ ಜಾಗಕ್ಕೆ ಬೆರಳು ಇಡಲೇಬೇಡಿ, ಚರ್ಮವನ್ನೇ ತೂರಿಕೊಂಡು ಹೋಗುತ್ತೆ.

ಕಾರಿನೊಳಗೇ ಚೆಲ್ಲಿದ್ದರೆ?

ಜನರೇಟರ್‌ಗೋ ಸ್ಕೂಟರ್‌ಗೋ ಎಂದು ಬಾಟಲಿಯಲ್ಲಿ ಪೆಟ್ರೋಲ್ ತಂದು ಚೆಲ್ಲಿಕೊಂಡವರು ಬಹಳ. ಪ್ಲಾಸ್ಟಿಕ್ ನೀರಿನ ಬಾಟಲಿಯಲ್ಲಿ ತರುವುದೇ ತಪ್ಪು. ಚೆಲ್ಲಿದ್ದರೆ ಹೀಗೆ ಮಾಡಿ.

* ಕಾರನ್ನು ಬಯಲಿನಲ್ಲಿ, ನೆರಳಿನಲ್ಲಿ ನಿಲ್ಲಿಸಿ ನಾಲ್ಕೂ ಬಾಗಿಲು ತೆರೆಯಿರಿ.
* ಕಾಲೊರೆಸು ಮ್ಯಾಟ್ ಹೊರಗೆ ಹಾಕಿ. ಹಳೆ ಬಟ್ಟೆಯಿಂದ ಒತ್ತಿ ಹೀರಿಸಿ, ತಿಕ್ಕಬೇಡಿ.
* ಅಡುಗೆ ಸೋಡಾ ಧಾರಾಳವಾಗಿ ಉದುರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ವಾಸನೆ ಹೋಗುವವರೆಗೆ ಎರಡು ಮೂರು ಸಲ ಮಾಡಿ.
* ನಂತರ ಪಾತ್ರೆ ತೊಳೆಯುವ ದ್ರವ ಬೆರೆಸಿದ ಉಗುರುಬೆಚ್ಚಗಿನ ನೀರಿನಿಂದ ಒರೆಸಿ ಚೆನ್ನಾಗಿ ಒಣಗಿಸಿ.
* ವ್ಯಾಕ್ಯೂಮ್ ಕ್ಲೀನರ್, ಹೇರ್ ಡ್ರೈಯರ್ ಬೇಡ. ಎರಡರಲ್ಲೂ ಕಿಡಿಯ ಭಯವಿದೆ.
* ಒರೆಸಿದ ಬಟ್ಟೆಯನ್ನು ವಾಷಿಂಗ್ ಮೆಷಿನ್‌ಗೆ ಹಾಕಬೇಡಿ. ಒಲೆಯಿಂದ ದೂರ ಬಯಲಿನಲ್ಲಿ ಹರವಿ, ಪೂರ್ತಿ ಒಣಗಿದ ಮೇಲೆ ಎಸೆಯಿರಿ.

ಇಷ್ಟು ಮಾಡಿದರೂ ಮೂರನೇ ದಿನ ವಾಸನೆ ಉಳಿದರೆ ಕಾರ್ಪೆಟ್ ಕೆಳಗಿನ ದಪ್ಪ ಹಾಸು ಕುಡಿದಿದೆ ಎಂದರ್ಥ. ಸೀಟು ಬಿಚ್ಚಿಸಿ ಅದನ್ನು ಹೊರತೆಗೆಸಿ.

ಒಂದು ಮುಖ್ಯ ವಿಷಯ. ವಾಸನೆ ಮುಚ್ಚಲು ಕಾರಿನಲ್ಲಿ ಊದುಬತ್ತಿ ಹಚ್ಚಬೇಡಿ. ಆಯುಧಪೂಜೆಯ ದಿನ ಕಾರಿಗೆ ಕುಂಕುಮ, ಹೂವು, ನಿಂಬೆಹಣ್ಣು ಎಲ್ಲ ಇರಲಿ. ಆದರೆ ಪೆಟ್ರೋಲ್ ವಾಸನೆ ಬರುತ್ತಿರುವ ಕಾರಿನ ಮುಂದೆ ಕರ್ಪೂರ ಬೆಳಗಬೇಡಿ. ರಿಪೇರಿಯಾದ ಮೇಲೆ ಬೆಳಗಿದರೂ ದೇವರು ಒಪ್ಪುತ್ತಾನೆ. ಸ್ಪ್ರೇ ಮಾಡುವ ಸುಗಂಧದ ಡಬ್ಬಿಯಲ್ಲೂ ಹೊತ್ತಿಕೊಳ್ಳುವ ಅನಿಲವೇ ಇರುತ್ತೆ, ಅದೂ ಬೇಡ.

ತಕ್ಷಣ ಏನು ಮಾಡಬೇಕು?

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲೋ ಕೋಲಾರದ ಹೆದ್ದಾರಿಯಲ್ಲೋ ಹೋಗುವಾಗ ವಾಸನೆ ದಿಢೀರನೆ ಗಾಢವಾದರೆ ಮುಂದಿನ ಊರಿನವರೆಗೆ ತಳ್ಳಿಕೊಂಡು ಹೋಗುವ ಯೋಚನೆ ಬೇಡ. ಅಂಚಿಗೆ ನಿಲ್ಲಿಸಿ, ಎಂಜಿನ್ ಆರಿಸಿ. ಮೊದಲು ಮಕ್ಕಳು, ಹಿರಿಯರು ಇಳಿಯಲಿ, ವಾಹನಗಳು ಓಡಾಡದ ಕಡೆಯಿಂದ. ಸಾಮಾನಿಗಾಗಿ ಮತ್ತೆ ಒಳಗೆ ಹೋಗಬೇಡಿ. ಸಾಕಷ್ಟು ದೂರ ಹೋಗಿ ನಿಂತು ಫೋನ್ ಮಾಡಿ. ಹೊಗೆ ಕಂಡರೆ ಬಾನೆಟ್ ಎತ್ತಬೇಡಿ, ಗಾಳಿ ಸಿಕ್ಕಿದೊಡನೆ ಬೆಂಕಿ ಭುಗಿಲೇಳುತ್ತೆ. 112ಕ್ಕೆ ಕರೆ ಮಾಡಿ. ಪೆಟ್ರೋಲ್ ಬೆಂಕಿಗೆ ನೀರು ಸುರಿಯಬೇಡಿ, ಉರಿಯುವ ಪೆಟ್ರೋಲ್ ನೀರಿನ ಮೇಲೆ ತೇಲಿ ಹರಡುತ್ತೆ. ಮರಳು ಅಥವಾ ಪುಡಿಯ ಅಗ್ನಿಶಾಮಕವೇ ಸರಿ. ಮನೆಯಲ್ಲಿ ನಿಂತ ಕಾರಿನಲ್ಲಿ ಗಾಢ ವಾಸನೆ ಬಂದರೆ ಸ್ಟಾರ್ಟ್ ಮಾಡದೆ, ಯಾವ ಸ್ವಿಚ್ಚೂ ಒತ್ತದೆ ಬಾಗಿಲು ತೆರೆದಿಟ್ಟು ಮೆಕ್ಯಾನಿಕ್‌ನನ್ನೇ ಮನೆಗೆ ಕರೆಸಿ.

ಮೆಕ್ಯಾನಿಕ್ ಮುಂದೆ ಹೀಗೆ ಮಾತಾಡಿ

"ಅಣ್ಣಾ, ಏನೋ ವಾಸನೆ ಬರ್ತಿದೆ ನೋಡಿ" ಎಂದರೆ ಅವರು "ಏನಿಲ್ಲ ಅಕ್ಕಾ, ಓಡಿಸಿ, ಸರಿಹೋಗುತ್ತೆ" ಎಂದೇ ಹೇಳುವುದು. ಬದಲಿಗೆ ಹೀಗೆ ಹೇಳಿ: "ಟ್ಯಾಂಕ್ ಫುಲ್ ಇದ್ದಾಗ ಹಿಂದಿನ ಸೀಟ್ ಹತ್ರ ವಾಸನೆ ಬರುತ್ತೆ, ಅರ್ಧ ಆದ್ಮೇಲೆ ಇರಲ್ಲ. ಪಂಪ್ ಸೀಲ್ ನೋಡಿ." ಆಗ ಗ್ಯಾರೇಜಿನ ಧಾಟಿಯೇ ಬದಲಾಗುತ್ತೆ! ಬೇಡದ ಭಾಗಗಳನ್ನೆಲ್ಲ ಬದಲಿಸುವ ಖರ್ಚೂ ಉಳಿಯುತ್ತೆ.

ನಾಲ್ಕು ಷರತ್ತು ಹಾಕಿ. ಒಂದು, ಪೈಪ್ ಬದಲಿಸುವುದಾದರೆ ಪೆಟ್ರೋಲ್ ಇಂಜೆಕ್ಷನ್‌ಗೆಂದೇ ಮಾಡಿದ, ಎಥನಾಲ್ ತಡೆಯುವ ಪೈಪ್ ಹಾಕಲಿ. ನೀರಿನ ಪೈಪ್ ತುಂಡು ಹಾಕಿ ತಂತಿ ಸುತ್ತಿದರೆ ಒಪ್ಪಬೇಡಿ. ಎರಡು, ಒಮ್ಮೆ ತೆಗೆದ ರಬ್ಬರ್ ಸೀಲನ್ನು ಮತ್ತೆ ಹಾಕುವುದು ಬೇಡ, ಹೊಸದೇ ಹಾಕಲಿ. ಮೂರು, ಸೋರುವ ಟ್ಯಾಂಕಿಗೆ ಎಂ-ಸೀಲ್ ಮೆತ್ತುವುದು ಅಥವಾ ಪೂರ್ತಿ ಖಾಲಿ ಮಾಡಿ ಆವಿ ತೆಗೆಯದೆ ವೆಲ್ಡಿಂಗ್ ಮಾಡುವುದು ಬೇಡವೇ ಬೇಡ. ನಾಲ್ಕು, ಬಿಚ್ಚಿದ ಹಳೆಯ ಭಾಗವನ್ನು ನಿಮಗೆ ತೋರಿಸಲಿ. ಕಾರು ವಾಪಸ್ ಬಂದ ಮೇಲೆ ಟ್ಯಾಂಕ್ ತುಂಬಿಸಿ, ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಬಾಗಿಲು ತೆಗೆದು ಮೂಸಿ ನೋಡಿ. ಆಮೇಲೆ ಉಳಿದ ಹಣ ಕೊಟ್ಟರಾಯಿತು.

ತಿಂಗಳಿಗೊಮ್ಮೆ ಐದು ನಿಮಿಷ ಸಾಕು. ಮುಚ್ಚಳದ ರಬ್ಬರ್, ಕಾರಿನ ಕೆಳಗಿನ ಕಲೆ, ಬಾನೆಟ್ ಒಳಗಿನ ಇಲಿ ಗುರುತು, ಹಿಂದಿನ ಸೀಟಿನ ವಾಸನೆ. ಗ್ಯಾಸ್ ಸಿಲಿಂಡರ್ ಬದಲಿಸುವ ದಿನವೇ ಇದನ್ನೂ ನೋಡುವ ರೂಢಿ ಮಾಡಿಕೊಂಡರೆ ಮರೆಯುವುದಿಲ್ಲ. ಮುಂದಿನ ಸಲ ಯಾರಾದರೂ "ಸುಮ್ನೆ ಕೂತ್ಕೋ" ಎಂದರೆ ಕೂರಬೇಡಿ. ಮಕ್ಕಳನ್ನು ಇಳಿಸಿಕೊಂಡು, ನೀವೂ ಇಳಿದು, ಆಮೇಲೆ ಮಾತಾಡಿ. ಏನಂತೀರಿ?